ಪಾಸ್‌ವರ್ಡ್ ಬದಲಿಸಿದ ಮೇಲಿನ ಕೆಲಸ

"ಅಣ್ಣಾ, ಮೇಲ್‌ನ್ಯಾಗ ಇಪ್ಪತ್ತು ಸಾವಿರ ರೊಕ್ಕ ಕೇಳೀರಲ್ಲ, ಏನಾಗ್ಯದ?" ಎಂದು ಭಾಲ್ಕಿಯ ವರದಿಗಾರ ಗೆಳೆಯ ಫೋನ್ ಮಾಡಿದಾಗಲೇ ನನ್ನ ಜಿಮೇಲ್ ಬೇರೆಯವರ ಕೈಗೆ ಹೋಗಿದ್ದು ಗೊತ್ತಾಯಿತು.

ಬೀದರಿನ ಕಂಪ್ಯೂಟರ್ ಅಂಗಡಿಗೆ ಓಡದೆ ಜನವಾಡದ ಮನೆಯಲ್ಲೇ ಕೂತೆ. ದಿನಾ ಬಳಸುವ ಫೋನು, ದಿನಾ ಕೂರುವ ಜಾಗ ಇದ್ದರೆ ಖಾತೆ ನಮ್ಮದೇ ಎಂದು ಗೂಗಲ್‌ಗೆ ಗುರುತು ಸಿಗುವುದು ಸುಲಭ. ಕಳ್ಳ ರಿಕವರಿ ನಂಬರ್ ಬದಲಿಸಿದ್ದ. ಆದರೆ ಬದಲಾದ 7 ದಿನದೊಳಗೆ ಹಳೆಯ ನಂಬರಿನಿಂದಲೂ ಪ್ರಯತ್ನಿಸಬಹುದು. ಕೋಡ್ ಬಂತು.

ಪಾಸ್‌ವರ್ಡ್ ಬದಲಿಸಿ ಎದ್ದುಬಿಡುವವರೇ ಹೆಚ್ಚು. ಸೆಟ್ಟಿಂಗ್ಸ್‌ನಲ್ಲಿ 'ಫಾರ್ವರ್ಡಿಂಗ್' ತೆರೆದರೆ ಯಾರದೋ ವಿಳಾಸ ಕೂತಿತ್ತು. ನನಗೆ ಬಂದದ್ದೆಲ್ಲ ಅಲ್ಲಿಗೂ ಹೋಗುತ್ತಿತ್ತು. ಪಾಸ್‌ವರ್ಡ್ ಬದಲಿಸಿದ ಮಾತ್ರಕ್ಕೆ ಅದು ನಿಲ್ಲುವುದಿಲ್ಲ. ಅಳಿಸಿದೆ, ಫಿಲ್ಟರ್‌ಗಳನ್ನೂ ತಡಕಾಡಿದೆ, ಎರಡು ಹಂತದ ಪರಿಶೀಲನೆ ಹಾಕಿದೆ.

ಪುಣ್ಯಕ್ಕೆ ಯಾರೂ ರೊಕ್ಕ ಕಳಿಸಿರಲಿಲ್ಲ. ಕಳಿಸಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು, ಆಮೇಲೆ ಸಿಇಎನ್ ಠಾಣೆ.

ನನ್ನ ಚಿಂತೆಯೇ ಬೇರೆ. ಔರಾದ್ ಕಡೆಯ ಹೆಣ್ಣುಮಗಳೊಬ್ಬರು ಪಡಿತರ ತೂಕದ ಮೋಸದ ಫೋಟೋ ಕಳಿಸಿದ್ದರು, ಹೆಸರು ಹಾಕಬೇಡಿ ಎಂದು. ಫೋನಿನಲ್ಲಿ ಹೇಳುವ ಮಾತಲ್ಲ; ಊರಿಗೇ ಹೋಗಿ ಎಲ್ಲ ತಿಳಿಸಿದೆ. ತುಸು ಹೊತ್ತು ಸುಮ್ಮನಿದ್ದು ಕೇಳಿದರು: "ಸುದ್ದಿ ಯಾವಾಗ ಬರ್ತದ್ರಿ?"