ಶೆಡ್ಯೂಲೋ, ಸ್ಕೆಡ್ಯೂಲೋ?

ಇಂಗ್ಲಿಷ್ ಪಾಠಕ್ಕೆ ಇಂಟರ್ನೆಟ್ ಬಳಸಲು ನಾನು ಕಲಿತದ್ದು ಹಿಂದಿನ ಬೆಂಚಿನ ಮೌನ ಕಂಡು. ಮನೆಯಲ್ಲಿ ಬ್ಯಾರಿ ಅಥವಾ ಉರ್ದು, ಪೇಟೆಯಲ್ಲಿ ತುಳು, ಕನ್ನಡ ಸರಾಗವಾಗಿ ಆಡುವ ಮಕ್ಕಳು ಇಂಗ್ಲಿಷ್ ಎಂದೊಡನೆ ತಲೆ ತಗ್ಗಿಸುತ್ತಾರೆ.

ಕಂಪ್ಯೂಟರ್ ಉಪನ್ಯಾಸಕರು ಮೊದಲು ತೋರಿಸಿದ್ದು ಕೇಂಬ್ರಿಜ್ ಆನ್‌ಲೈನ್ ನಿಘಂಟು. ಸ್ಪೀಕರ್ ಗುರುತು ಒತ್ತಿದರೆ ಬ್ರಿಟಿಷ್, ಅಮೆರಿಕನ್ ಎರಡೂ ಉಚ್ಚಾರಣೆ ಕೇಳುತ್ತದೆ. ‘ಶೆಡ್ಯೂಲ್’, ‘ಸ್ಕೆಡ್ಯೂಲ್’ ಎರಡೂ ಸರಿ ಎಂದು ಗೊತ್ತಾದಾಗ ಒಬ್ಬಳು ಕೇಳಿದಳು: “ಹಾಗಾದರೆ ನಮ್ಮದೂ ಸರಿಯಾ ಸರ್?” ಕೇಳುವವರಿಗೆ ಅರ್ಥವಾದರೆ ಸರಿ ಎಂದೆ. ಗುಲ್ಲೋ ಗುಲ್ಲು!

ಆಮೇಲೆ ವೊಕಾರೂ. ಬ್ರೌಸರಿನಲ್ಲೇ ಧ್ವನಿ ರೆಕಾರ್ಡ್ ಮಾಡಿ ಲಿಂಕ್ ಕಳಿಸಬಹುದು, ಪಾಸ್‌ವರ್ಡ್ ಗೋಜಿಲ್ಲ. ಕೆಲವರ ಮನೆಯಲ್ಲಿ ಒಂದೇ ಫೋನ್, ಅದೂ ರಾತ್ರಿ ಅಪ್ಪನ ಜೊತೆ ಬರುವಂಥದ್ದು. ಅದಕ್ಕೇ ವಾರದ ಗಡುವು ಕೊಟ್ಟೆ. ತರಗತಿಯಲ್ಲಿ ‘ಯೆಸ್ ಸರ್’ ಬಿಟ್ಟು ಬೇರೇನೂ ಆಡದ ಹುಡುಗಿ ಅಜ್ಜಿಯ ಅಕ್ಕಿರೊಟ್ಟಿಯ ಬಗ್ಗೆ ಒಂದು ನಿಮಿಷ ಮಾತಾಡಿದ್ದಳು. ಹಿಂದೆ ಮಿಕ್ಸಿಯ ಸದ್ದು. ಏಳು ಸಲ ಅಳಿಸಿದಳಂತೆ, ಕಳಿಸಿದ್ದು ಎಂಟನೆಯದು. ಒಂದು ಗಂಟೆಯ ಪೀರಿಯಡ್‌ನಲ್ಲಿ ಅರವತ್ತು ಜನರಿಗೆ ಎಂಟೆಂಟು ಸಲ ಎಲ್ಲಿಂದ ತರಲಿ?

ಈ ವಾರದ ವಿಷಯ: ನಮ್ಮೂರ ಬಸ್ಸು. ಮಿಕ್ಸಿ ಸದ್ದಿದ್ದರೂ ಪರವಾಗಿಲ್ಲ.