ಹಡಗಿನ ನಡುಗೋಣೆ

ಚೆನ್ನೈಯಿಂದ ಅಂಡಮಾನಿನ ಶ್ರೀ ವಿಜಯಪುರಕ್ಕೆ, ಅಂದರೆ 2024ರವರೆಗೆ ಪೋರ್ಟ್ ಬ್ಲೇರ್ ಎನಿಸಿದ್ದ ಊರಿಗೆ, ಹಡಗಿನಲ್ಲಿ ಸುಮಾರು 3 ದಿನಗಳ ಪಯಣ. ಜೊತೆಯ ಭಕ್ತರು ಗೌರವದಿಂದ ನಮಗೆ ಮೇಲಂತಸ್ತಿನ ಮುಂತುದಿಯ ಕೋಣೆಯನ್ನೇ ಗೊತ್ತುಮಾಡಿದ್ದರು. ಕಿಟಕಿಯ ತುಂಬ ಕಡಲು! ಆದರೆ ಮೊದಲ ಮುಂಜಾವಿನಲ್ಲಿಯೇ, ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿ ಕುಳಿತಾಗ, ಕೈ ನಿಲ್ಲಲಿಲ್ಲ, ದೃಷ್ಟಿಯೂ ನಿಲ್ಲಲಿಲ್ಲ. ಹಡಗು ತಕ್ಕಡಿಯ ದಂಡದಂತೆ ನಡುವನ್ನು ಆಧರಿಸಿ ತೂಗುತ್ತದೆ, ತುದಿಗಳು ಏರಿಳಿಯುತ್ತವೆ. ಎತ್ತರ ಹೆಚ್ಚಿದಷ್ಟೂ ಪಕ್ಕದ ಓಲಾಟವೂ ಹೆಚ್ಚು. ಕೆಳ ಅಂತಸ್ತಿನ ನಡುಭಾಗದಲ್ಲಿದ್ದ ತರುಣ ದಂಪತಿಗಳು ಪೂಜೆಯ ಹೊತ್ತಿಗೆ ತಮ್ಮ ಕೋಣೆಯನ್ನು ಬಿಟ್ಟುಕೊಟ್ಟರು. ಅಲ್ಲಿ ಕಿಟಕಿ ಕಿರಿದು, ಯಂತ್ರದ ಮೊರೆತವೂ ಉಂಟು. ಆದರೂ ಪೂಜೆ ನೆಮ್ಮದಿಯಿಂದ ಸಾಗಿತು. ಹಡಗೇರುವ ಬಂಧುಗಳು, ಅದರಲ್ಲಿಯೂ ವಯಸ್ಸಾದವರು, ಕೆಳ ಅಂತಸ್ತಿನ ನಡುಗೋಣೆಯನ್ನೇ ಮೊದಲು ಕೇಳುವುದು ಲೇಸು.