ಹತ್ತು ಸಾಲಿನ ನಾಯಿ

ನಾವು ಇಂಗ್ಲಿಷ್ ಮೀಡಿಯಂ ಮಕ್ಕಳು. ಎರಡನೇ ಕ್ಲಾಸಲ್ಲಿ ‘ದಿ ಡಾಗ್’ ಅಂತ ಹತ್ತು ಸಾಲು ಬಾಯಿಪಾಠ ಮಾಡಿದ್ವಿ. ನಾಯಿಗೆ ನಾಲ್ಕು ಕಾಲು, ಒಂದು ಬಾಲ, ಅದು ನಂಬಿಗಸ್ತ ಪ್ರಾಣಿ. ಹತ್ತಕ್ಕೆ ಹತ್ತು ಮಾರ್ಕ್ಸ್ ಕೂಡ ಬಂತು. ಆದರೆ ಸ್ಕೂಲ್ ಗೇಟಿನ ಹೊರಗೆ, ಎಳನೀರು ಗಾಡಿಯ ಕೆಳಗೆ ಮಲಗಿರ್ತಿದ್ದ ನಿಜವಾದ ನಾಯಿ ಬಗ್ಗೆ ಯಾರೂ ಒಂದು ಸಾಲೂ ಹೇಳಿಕೊಡಲಿಲ್ಲ. ಅದಕ್ಕೆ ಕರಿಯ ಅಂತ ಹೆಸರಿಟ್ಟಿದ್ದು ನಾವೇ. ಟಿಫನ್ ಬಾಕ್ಸಲ್ಲಿ ಉಳಿದ ಚಪಾತಿ ಅವನ ಪಾಲು.

ಏಳನೇ ಕ್ಲಾಸಲ್ಲಿ ಒಂದಿನ ಬಸ್ಸು ತಡವಾಯ್ತು. ಬೋರಾಗಿ, ನಿದ್ದೆ ಮಾಡ್ತಿದ್ದ ಕರಿಯನ ಬಾಲ ಎಳೆಯೋ ಪಂದ್ಯ ಕಟ್ಟಿದ್ವಿ. ನಮ್ಮಲ್ಲೊಬ್ಬನ ಕೈಗೆ ಹಲ್ಲು ತಾಗಿ ರಕ್ತ ಬಂತು. ಒಬ್ಬ ಅರಿಶಿನ ಅಂದ, ಇನ್ನೊಬ್ಬ ಖಾರದಪುಡಿ ಅಂದ. ಕೊನೆಗೆ ಕರ್ಚೀಫು ಕಟ್ಟಿ ಸುಮ್ಮನಾದ್ವಿ. ಹತ್ತು ಹೆಜ್ಜೆ ದೂರದಲ್ಲೇ ನಲ್ಲಿ ಇತ್ತು, ಸೋಪೂ ಇತ್ತು! ಗಾಯವನ್ನು 15 ನಿಮಿಷ ಹರಿಯೋ ನೀರಲ್ಲಿ ಸೋಪು ಹಾಕಿ ತೊಳೀಬೇಕು, ತಡಮಾಡದೆ ಲಸಿಕೆ ಶುರು ಮಾಡಬೇಕು, ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯೋದು ತೀರಾ ಅಪರೂಪ ಅನ್ನೋದು ಯಾರಿಗೂ ಗೊತ್ತಿರ್ಲಿಲ್ಲ. 1885ರಲ್ಲಿ ಲೂಯಿ ಪಾಶ್ಚರ್ ಒಂಬತ್ತು ವರ್ಷದ ಹುಡುಗನಿಗೆ ರೇಬಿಸ್ ಲಸಿಕೆ ಕೊಡಿಸಿದ್ದು ಮಾತ್ರ ಕ್ವಿಜ್ ಪುಣ್ಯದಿಂದ ಗೊತ್ತಿತ್ತು. ಸದ್ಯ, ಅವನ ಅಮ್ಮ ಅದೇ ರಾತ್ರಿ ಆಸ್ಪತ್ರೆಗೆ ಕರೆದುಕೊಂಡು ಹೋದರು.

ಮಾರನೇ ದಿನ ಕ್ಲಾಸಿಗೆ ಬಂದು ಕೇಳಿದರು, “ನಾಯಿ ಸುಮ್ಸುಮ್ನೆ ಕಚ್ಚಿತಾ?” ಎಲ್ಲರೂ ಒಟ್ಟಿಗೆ “ಹೌದು” ಅಂದ್ವಿ. ಸಂಜೆ ವ್ಯಾನ್ ಬಂತು. ಆಮೇಲೆ ಕರಿಯ ಕಾಣಲಿಲ್ಲ. ಮುಂದೆ ಸಿವಿಕ್ಸ್ ಪರೀಕ್ಷೆಯಲ್ಲಿ, ಜೀವಿಗಳ ಬಗ್ಗೆ ಅನುಕಂಪ ನಮ್ಮ ಮೂಲಭೂತ ಕರ್ತವ್ಯ, 51ಎ ವಿಧಿ ಅಂತ ಬರೆದ್ವಿ. ಅದಕ್ಕೂ ಫುಲ್ ಮಾರ್ಕ್ಸ್.

ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ 1999ರಲ್ಲಿ ಒಂದು ಕಾರ್ಯಕ್ರಮ ಶುರುವಾಯ್ತಂತೆ. ಓದಲು ತಡವರಿಸೋ ಮಕ್ಕಳು, ತರಬೇತಿ ಪಡೆದ ನಾಯಿಯ ಪಕ್ಕ ಕೂತು ಗಟ್ಟಿಯಾಗಿ ಓದ್ತಾರೆ. ತಪ್ಪಾದ್ರೆ ನಾಯಿ ನಗಲ್ಲ. ಕನ್ನಡ ಪಿರಿಯಡ್ಡಲ್ಲಿ ಒತ್ತಕ್ಷರ ಬಂದ ಕೂಡಲೇ ಬೆವರುತ್ತಿದ್ದ ನಮಗೆ ಅಂಥದ್ದೊಂದು ನಾಯಿ ಬೇಕಿತ್ತು.

ಅಷ್ಟೆಲ್ಲ ಆಗದಿದ್ರೂ, ವರ್ಷಕ್ಕೊಂದು ಪಿರಿಯಡ್ ಸಾಕು. ಮಲಗಿರೋ, ತಿಂತಿರೋ, ಮರಿ ಹಾಕಿರೋ ನಾಯಿ ತಂಟೆಗೆ ಹೋಗಬೇಡಿ. ಕಚ್ಚಿದ್ರೆ ಮುಚ್ಚಿಡಬೇಡಿ, ತೊಳೀರಿ, ಆಸ್ಪತ್ರೆಗೆ ಹೋಗಿ. ಇದಿಷ್ಟನ್ನ ಈ ವರ್ಷ ಹಾಸ್ಟೆಲಿನ ಜೂನಿಯರ್‌ಗಳಿಗೆ ನಾವೇ ಹೇಳಿದ್ವಿ. ಮೆಸ್ ಹಿಂದೆ ಒಂದು ಕಂದು ನಾಯಿ ಇದೆ. ಅದಕ್ಕೇನು ಹೆಸರು ಅಂತ ಅವರು ಕೇಳಿದ್ರು. ನಾವಿನ್ನೂ ಇಟ್ಟಿಲ್ಲ.